ನಾನು ಬರ್ಮಾಕ್ಕೆ ಕಳಿಸಿದ ದೊಡ್ಡಪ್ಪ

ನನ್ನ ದೊಡ್ಡಪ್ಪ ಸಂಗಪ್ಪ ಯುದ್ಧದಲ್ಲಿ ಸಾಯಲಿಲ್ಲ. ಬರ್ಮಾಕ್ಕೆ ಹೋಗಲೂ ಇಲ್ಲ. ಅವನನ್ನು ಬರ್ಮಾಕ್ಕೆ ಕಳಿಸಿದವನು ನಾನು, ಅಲ್ಲಿ ಕೊಂದವನೂ ನಾನು — ಮೊದಲು ಭಾಷಣದಲ್ಲಿ, ಆಮೇಲೆ ನಮ್ಮ ಮನೆತನದ ಹೆಳವರ ಬಾಯಲ್ಲಿ. ಅವನು ಬದುಕಿದ್ದಾನೆ ಎಂದು ಕಣ್ಣಾರೆ ಕಂಡು ಬಂದ ಮೇಲೂ ಅವನ ಒಬ್ಬಳೇ ಮಗಳಿಗೆ ಅದನ್ನು ಹೇಳಲಿಲ್ಲ. ಮೂವತ್ತು ವರ್ಷ ಹೇಳಲಿಲ್ಲ.

ಈಗ ನನಗೆ ಎಪ್ಪತ್ತು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾಗಿ, ಕೊಪ್ಪಳದ ಭಾಗ್ಯನಗರದಲ್ಲಿ ಮನೆ ಮಾಡಿಕೊಂಡಿದ್ದೇನೆ. ಇತಿಹಾಸ ಕಲಿಸಿದವನು — ನಗುವವರು ನಗಲಿ. ನನಗೆ ನಗಲೂ ಶಕ್ತಿಯಿಲ್ಲ, ದಣಿದಿದ್ದೇನೆ. ಸುಳ್ಳು ಹೇಳಲು ಒಂದು ಗಳಿಗೆಯೂ ಹಿಡಿಯುವುದಿಲ್ಲ. ಅದನ್ನು ಸಾಕುವುದರಲ್ಲಿ ಜನ್ಮ ಸವೆಯುತ್ತದೆ. ಮೇವು ಹಾಕಬೇಕು, ನೀರು ಕುಡಿಸಬೇಕು, ಸಂತೆಯಲ್ಲಿ ಯಾರಾದರೂ ಬಾಯಿ ತೆರೆದು ಹಲ್ಲು ನೋಡಿಯಾರೆಂದು ಕಾಯಬೇಕು. ನಾನು ಹಾಗೆ ಕಾಯುತ್ತಲೇ ಮುದುಕನಾದೆ.

ನೀಲಕ್ಕನ ಬಗ್ಗೆ ಹೇಳಬೇಕು. ಅವಳೇ ಆ ಮಗಳು. ಹನುಮಸಾಗರದ ಹತ್ತಿರದ ಹಳ್ಳಿ ನಮ್ಮದು. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ ದೊಡ್ಡಪ್ಪ ಮನೆಯಲ್ಲಿ ಯಾರಿಗೂ ಸರಿಯಾಗಿ ಹೇಳದೆ ಸಿಕಂದರಾಬಾದಿಗೆ ಹೋದ, ದಂಡಿಗೆ ಸೇರಿದ್ದಾನೆ ಎಂದು ಯಾರೋ ಸುದ್ದಿ ತಂದರು. ಆಗ ನೀಲಕ್ಕ ಮೊಲೆ ಕುಡಿಯುವ ಕೂಸು. ಯುದ್ಧ ಮುಗಿಯಿತು, ಸುತ್ತಲ ಊರುಗಳಿಂದ ಹೋದವರು ಒಬ್ಬೊಬ್ಬರಾಗಿ ತಿರುಗಿ ಬಂದರು, ಇವನು ಬರಲಿಲ್ಲ. ಕೆಲವು ವರ್ಷ ಕಾದು, ಕಾದು, ನನ್ನ ಅಜ್ಜ ಮಗನ ಹೆಸರಿನಲ್ಲಿ, ಸತ್ತವರಿಗೆ ಮಾಡುವ ದಿನ ಮಾಡಿ ಮುಗಿಸಿದ. ದೊಡ್ಡವ್ವನ ಕೈಬಳೆ ಒಡೆದರು. ಅಂದಿನಿಂದ ಆ ತಾಯಿ-ಮಗಳು ನಮ್ಮ ಮನೆಯ ಒಂದು ಮೂಲೆಯಲ್ಲಿ ಬದುಕಿದರು. ನಾನು ಹುಟ್ಟಿದ ಮೇಲೆ ನನ್ನನ್ನು ಎತ್ತಿ ಆಡಿಸಿದವಳು ನೀಲಕ್ಕ. ಅವಳ ಸೊಂಟದ ಮೇಲೆಯೇ ನಾನು ಊರು ನೋಡಿದ್ದು. ಅವಳು ಶಾಲೆಯ ಮೆಟ್ಟಿಲು ಹತ್ತಲಿಲ್ಲ. ನನ್ನನ್ನು ಹತ್ತಿಸಲು ರೊಟ್ಟಿ ಕಟ್ಟಿಕೊಂಡು ಶಾಲೆಯ ಬಾಗಿಲತನಕ ಬರುತ್ತಿದ್ದಳು.

ಸತ್ತವನ ಮಗಳು ಎಂದು ಊರು ಅವಳನ್ನು ಒಪ್ಪಿಕೊಳ್ಳಲಿಲ್ಲ. ಹೆಣ ನೋಡಿದವರಿಲ್ಲ, ಸರ್ಕಾರದ ಕಾಗದ ಬಂದಿಲ್ಲ. ಬಾವಿಯ ಕಟ್ಟೆಯಲ್ಲಿ ಕೊಡ ತಾಗಿದರೆ ಸಾಕು, "ಓಡಿಹೋದಾಂವನ ಮಗಳು" ಎನ್ನುವ ಮಾತು ಬರುತ್ತಿತ್ತು. ಹನುಮಸಾಗರಕ್ಕೆ ಮದುವೆಯಾಗಿ ಹೋದಳು, ಆ ಮಾತೂ ಅವಳ ಹಿಂದೆಯೇ ಹೋಯಿತು. ಅತ್ತೆ ಅನ್ನುತ್ತಿದ್ದಳು, ನೆಗೆಣ್ಣಿ ಅನ್ನುತ್ತಿದ್ದಳು. ಕೆಲವೇ ವರ್ಷಗಳಲ್ಲಿ ದೊಡ್ಡವ್ವನೂ ತೀರಿಕೊಂಡಳು. ಊರ ಬಾಯಿಗೆ ಬೀಗ ಹಾಕುವವರು ಯಾರು?

ನಾನು ಹಾಕಿದೆ. ಹನುಮಸಾಗರದ ಶಾಲೆಗೇ ಮಾಸ್ತರನಾಗಿ ಬಂದ ಹೊಸತು, ಹುರುಪು ಬಹಳ. ದೊಡ್ಡಪ್ಪನ ಹೆಸರು, ಊರು ಬರೆದು ಸೇನೆಯ ಕಚೇರಿಗೆ ವಿಚಾರಿಸಿದೆ. ಈ ವಿವರದಲ್ಲಿ ಯಾರೂ ಸಿಗುತ್ತಿಲ್ಲ, ಅವನ ಸಿಪಾಯಿ ನಂಬರು ಕಳಿಸಿರಿ ಎಂದು ಉತ್ತರ ಬಂತು. ನಂಬರು ನಮ್ಮ ಬಳಿ ಎಲ್ಲಿರಬೇಕು? ಅಲ್ಲಿಗೆ ನಿಲ್ಲಿಸಬೇಕಿತ್ತು. 'ಗೊತ್ತಿಲ್ಲ' ಎಂದು ಬರೆದಿಡುವುದೂ ಇತಿಹಾಸವೇ ಎಂದು ಮಕ್ಕಳಿಗೆ ಹೇಳುತ್ತಿದ್ದವನು ನಾನು. ಆದರೆ ಆ ವರ್ಷದ ಸ್ವಾತಂತ್ರ್ಯ ದಿನದ ಭಾಷಣಕ್ಕೆ ನಿಂತಾಗ ಎದುರಿಗೆ ಊರೆಲ್ಲ ಕೂತಿತ್ತು, ಹಿಂದೆ ನೀಲಕ್ಕನೂ ನಿಂತಿದ್ದಳು — ಬಾಯಿಂದ ಬಂದೇಬಿಟ್ಟಿತು. ನನ್ನ ದೊಡ್ಡಪ್ಪ ಬರ್ಮಾದ ಕಾಡಿನಲ್ಲಿ ಹೋರಾಡಿ ವೀರಮರಣ ಹೊಂದಿದ ಎಂದೆ. ಬರ್ಮಾ ಯಾಕೆ? ಯಾವುದೋ ಪುಸ್ತಕದಲ್ಲಿ ಆಗಷ್ಟೇ ಓದಿದ್ದೆ, ಅಷ್ಟೆ.

ಮರುವರ್ಷದಿಂದ ಧ್ವಜದ ಕಟ್ಟೆಯ ಪಕ್ಕ ನೀಲಕ್ಕನಿಗೆ ಕುರ್ಚಿ ಬಂತು, ಕೊರಳಿಗೆ ಹಾರ ಬಂತು. ಬ್ರಿಟಿಷರ ದಂಡಿನಲ್ಲಿ ಸತ್ತವನಿಗೆ ಸ್ವಾತಂತ್ರ್ಯದ ದಿನ ಯಾಕೆ ಹಾರ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅದಕ್ಕೂ ನನ್ನ ಬಳಿ ಉತ್ತರವಿತ್ತು. ಅತ್ತೆಯ ಬಾಯಿ ಮುಚ್ಚಿತು. ನೀಲಕ್ಕ ಓಣಿಯಲ್ಲಿ ತಲೆ ಎತ್ತಿ ನಡೆಯತೊಡಗಿದಳು. ಅದನ್ನು ನೋಡಿ ನನಗೆ ಎಂಥ ಹಿಗ್ಗು — ಅವಳ ಋಣ ತೀರಿಸಿದೆ ಅಂದುಕೊಂಡಿದ್ದೆ. ಇಷ್ಟೇ ಆಗಿದ್ದರೆ ಇವತ್ತು ನಾನು ಬರೆಯುತ್ತಿರಲಿಲ್ಲವೇನೋ. ತಪ್ಪು ಎನ್ನಬಹುದಾದದ್ದು ಇನ್ನೂ ಮುಂದಿತ್ತು.

ನಮ್ಮ ಕಡೆಯವರಿಗೆ ಹೆಳವರನ್ನು ಪರಿಚಯಿಸಬೇಕಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಒಕ್ಕಲು ಮನೆತನಗಳಿಗೆ ತಲೆತಲಾಂತರದಿಂದ ಅವರವರ ಹೆಳವರು ಇರುತ್ತಾರೆ. ಸುಗ್ಗಿ ಮುಗಿದ ಮೇಲೆ, ಕೆಲವು ವರ್ಷಗಳಿಗೊಮ್ಮೆ, ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬೆಳಗಿನ ಜಾವ ಮನೆಯ ಮುಂದೆ ಬಂದು ನಿಲ್ಲುತ್ತಾರೆ. ಮೂಲಪುರುಷನಿಂದ ಹಿಡಿದು ನಿನ್ನೆ ಹುಟ್ಟಿದ ಕೂಸಿನವರೆಗೆ ವಂಶವನ್ನು ಒಪ್ಪಿಸುತ್ತಾರೆ — ಯಾರು ಎಲ್ಲಿಂದ ಬಂದರು, ಯಾರು ಯಾವ ಊರಿಗೆ ಹೋದರು, ಯಾರಿಗೆ ಸಂತಾನ ನಿಂತಿತು. ಹೊಸ ಹೆಸರು ಸೇರಿಸಿಕೊಳ್ಳುತ್ತಾರೆ. ಕಾಳು, ಕಂಬಳಿ, ಪಾತ್ರೆ, ಉಳ್ಳವರು ಕರು ಕೊಟ್ಟು ಕಳಿಸುತ್ತಾರೆ. ತಹಸೀಲ್ದಾರರ ಸಹಿಯನ್ನು ನಂಬದವರೂ ಹೆಳವರ ಮಾತನ್ನು ನಂಬುತ್ತಾರೆ.

ನನ್ನ ಭಾಷಣವಾಗಿ ಹತ್ತು-ಹದಿನೈದು ವರ್ಷದ ಮೇಲೆ ಒಂದು ಸಲ ನಮ್ಮ ಹೆಳವ ಯಮನಪ್ಪ ಎತ್ತನ್ನು ಪಕ್ಕದ ಊರಿನಲ್ಲಿ ಕಟ್ಟಿ, ಒಬ್ಬನೇ ನಡೆದುಕೊಂಡು ಶಾಲೆಗೆ ಬಂದ. ಚಹಾ ಕುಡಿಸಿದೆ. ಎರಡನೆಯದನ್ನೂ ಕೇಳಿ ಕುಡಿದ. ಆಮೇಲೆ ದನಿ ಇಳಿಸಿದ.

"ಮಾಸ್ತರ, ನಿಮ್ಮ ಮನಿತನದ ಗಿಡದಾಗ ಒಣಗೇತಿ ಅಂದಿದ್ದ ಟೊಂಗಿ ಒಂದು ಹಸರ ಐತ್ರಿ."

ಗಂಗಾವತಿಯ ಆಚೆ, ಕಾಲುವೆಯ ನೀರಿನ ಗದ್ದೆಗಳ ನಡುವೆ, ಆಂಧ್ರದಿಂದ ಬಂದ ರೈತರು ನೆಲೆಸಿದ ಒಂದು ಕ್ಯಾಂಪಿದೆ. ಅಲ್ಲಿ ಬೇರೆ ಯಾರದೋ ಮನೆಯ ಮುಂದೆ ಅವನು ವಂಶ ಓದುತ್ತಿದ್ದಾಗ ಒಬ್ಬ ಮುದುಕ ಬಂದು, ನಮ್ಮ ಊರಿನ ಹೆಸರು ಹೇಳಿ, ನಮ್ಮ ಮನೆತನದ್ದನ್ನು ಓದು ಎಂದನಂತೆ. ನೀನು ಯಾರು ಎಂದರೆ ಮೊದಲು ಓದು ಎಂದನಂತೆ. ಯಮನಪ್ಪ ಓದಿದ. ಸಂಗಪ್ಪ ದಂಡಿಗೆ ಹೋಗಿ ಮಡಿದ ಎನ್ನುವಲ್ಲಿಗೆ ಬಂದಾಗ ಮುದುಕ ಇದ್ದಲ್ಲೇ ಕುಸಿದು ಕೂತ. ಆ ಸಂಗಪ್ಪ ನಾನೇ ಎಂದ.

ಬದುಕಿದವನನ್ನು ಸತ್ತನೆಂದು ಓದಿದರೆ ತನ್ನ ಕುಲಕ್ಕೆ ಆಗಿಬರುವುದಿಲ್ಲ, ಈ ಸಲ ನಿಮ್ಮ ಮನೆಯ ಮುಂದೆ ಹೇಗೆ ಓದಲಿ ಎಂದು ಕೇಳಲು ಯಮನಪ್ಪ ಬಂದಿದ್ದ. ನಾಲ್ಕು ದಿನ ತಡೆ ಎಂದು ಹೇಳಿ, ಯಾರಿಗೂ ತಿಳಿಸದೆ ನಾನು ಗಂಗಾವತಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ದೇವರಲ್ಲಿ ಬೇಡಿಕೊಂಡದ್ದು ಒಂದೇ — ಅವನು ಸುಳ್ಳ ಆಗಿರಲಿ, ಯಾರೋ ಹುಚ್ಚ ಆಗಿರಲಿ. ಮಗಳಿಗೆ ತಂದೆ ಸಿಗಲಿ ಎಂದು ಒಂದು ಸಲವೂ ಬೇಡಲಿಲ್ಲ. ಅದು ನೆನಪಿದೆ.

ಅವನು ಹುಚ್ಚನಾಗಿರಲಿಲ್ಲ. ಗುಡಿಸಲಿನ ಮುಂದೆ ಎಮ್ಮೆಗೆ ಹುಲ್ಲು ಹಾಕುತ್ತಿದ್ದ. ನನ್ನ ಅಪ್ಪನದೇ ಮೂಗು, ಅಪ್ಪನದೇ ನಿಲುವು. ಗುರುತು ಕೇಳುವ ಅಗತ್ಯವಿರಲಿಲ್ಲ. ನಾನು ಯಾರೆಂದು ಹೇಳಿದಾಗ ನನ್ನ ಮುಖ ನೋಡಿ, ಕೂಡಲು ಚೀಲ ಹಾಸಿದ. ಅವನ ಕ್ಯಾಂಪಿನ ಹೆಂಡತಿ, ತೆಲುಗು ಮಾತಿನ ಹೆಂಗಸು, ಮಜ್ಜಿಗೆ ತಂದುಕೊಟ್ಟು ಒಳಗೆ ಹೋದಳು. ಅವರಿಗೆ ಮಕ್ಕಳಿರಲಿಲ್ಲ.

ಕತೆ ದೊಡ್ಡದಲ್ಲ. ಸಿಕಂದರಾಬಾದಿನಲ್ಲಿ ಕೆಲವು ತಿಂಗಳು ಕವಾಯತು ಮಾಡಿದ. ಒಂದು ದಿನ ರೈಲು ಹತ್ತಿಸಿದರು, ಮದ್ರಾಸಿಗೆ, ಅಲ್ಲಿಂದ ಹಡಗು ಎಂದರು. "ರೈಲು ಗುಂತಕಲ್ಲಿನಾಗ ನಿಂತಿತು. ನೀರ ಕುಡ್ಯಾಕಂತ ಇಳದೆ. ಮತ್ತ ಹತ್ತಲಿಲ್ಲ." ಅವನು ಹೇಳಿದ್ದು ಇಷ್ಟೇ. ಹಿಡಿದರೆ ಜೈಲು ಎಂಬ ಹೆದರಿಕೆಯಲ್ಲಿ ಹೆಸರು ಬದಲಿಸಿಕೊಂಡು ಅಲ್ಲಿ ಇಲ್ಲಿ ದುಡಿದ, ತುಂಗಭದ್ರೆಗೆ ಡ್ಯಾಮು ಕಟ್ಟುವಾಗ ಮಣ್ಣು ಹೊತ್ತ, ಕಾಲುವೆ ಬಂದ ಮೇಲೆ ಗದ್ದೆಯ ಕೂಲಿಗೆ ನಿಂತ. ಹೆದರಿಕೆ ಹೋದ ಮೇಲಾದರೂ ಊರಿಗೆ ಬರಬಹುದಿತ್ತಲ್ಲ ಎಂದೆ. ಡ್ಯಾಮಿನ ಕೆಲಸಕ್ಕೆ ನಮ್ಮ ಕಡೆಯವನೊಬ್ಬ ಬಂದಿದ್ದನಂತೆ, ಅವನ ಬಾಯಿಂದ ಊರಿನ ಸುದ್ದಿ ತಿಳಿಯಿತಂತೆ.

"ನನ್ನ ಹೆಸರಿಲೆ ದಿನಾ ಮಾಡ್ಯಾರ, ಆಕಿ ಬಳಿ ಒಡದಾರ ಅಂದ. ಇನ್ನ ಹೋಗಿ ಆಕಿಗೆ ಬಳಿ ಇಡಸಲೇನು? ದಿನಾ ಮಾಡಿಸ್ಕೊಂಡಾಂವ ಹೊಸ್ತಿಲ ದಾಟಬಾರದು. ಆ ಮನಿಗೆ ನಾ ಸತ್ತಾಂವ."

ಇದೂ ನಮ್ಮ ಕಡೆಯ ನಂಬಿಕೆಯೇ. ದಿನ ಮಾಡಿಸಿಕೊಂಡವನು ಜೀವಂತ ಒಳಗೆ ಬಂದರೆ ಮನೆಗೆ ಕೇಡು ಎನ್ನುತ್ತಾರೆ. ಅವನು ಅದನ್ನು ನಂಬಿದ್ದನೋ, ಅದರ ಹಿಂದೆ ಅಡಗಿದ್ದನೋ — ನಾನು ಹೇಗೆ ಹೇಳಲಿ, ಅಡಗುವುದರಲ್ಲಿ ನಾನೇ ಅವನಿಗಿಂತ ನಿಪುಣನಾದೆ. ಎದ್ದು ಹೊರಟಾಗ ಅವನು ನನ್ನ ಜೊತೆ ಕಾಲುವೆಯ ದಂಡೆಯ ತನಕ ಬಂದ. ಅಲ್ಲಿ ನಿಂತು, ನನ್ನ ಕಡೆ ನೋಡದೆ ಕೇಳಿದ: "ಆ ಕೂಸು ಅದಾಳೇನು?" ಇದ್ದಾಳೆ, ಅವಳಿಗೆ ಮಗ ಇದ್ದಾನೆ ಎಂದೆ. ಅವನು ತಲೆಯ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ.

"ನಾ ಬರಾಕ ಆಗೂದಿಲ್ಲ. ಆಕಿ ಬಂದ್ರ ಬರ್ಲಿ. ಬ್ಯಾಡ ಅನ್ನೂದಿಲ್ಲ. ಹೇಳು ಆಕಿಗೆ."

ಹೇಳುತ್ತೇನೆ ಎಂದೆ. ಅವನ ಮುಖದ ಎದುರಿಗೆ ನಿಂತು ಹೇಳುತ್ತೇನೆ ಎಂದೆ.

ತಿರುಗಿ ಬರುವ ಬಸ್ಸಿನಲ್ಲಿ ಲೆಕ್ಕ ಹಾಕತೊಡಗಿದೆ. ನೀಲಕ್ಕನಿಗೆ ಹೇಳಿದರೆ ಹನುಮಸಾಗರಕ್ಕೆಲ್ಲ ಗೊತ್ತಾಗುತ್ತದೆ. ಅತ್ತೆ ಸತ್ತಿದ್ದರೂ ನೆಗೆಣ್ಣಿ ಇದ್ದಾಳೆ. ಓಡಿಹೋದವನ ಮಗಳು ಎಂದದ್ದು ನಿಜವೇ ಆಯಿತಲ್ಲ, ಅವಳು ಹೇಗೆ ತಡೆದುಕೊಂಡಾಳು — ಹೀಗೆ ಎಲ್ಲವನ್ನೂ ಅವಳ ಹೆಸರಿಗೆ ಬರೆಯುತ್ತ ಹೋದೆ. ಇಂದು ಅದನ್ನು ಬಿಚ್ಚಿ ನೋಡಿದರೆ ಅದರಲ್ಲಿ ನೀಲಕ್ಕನೇ ಇಲ್ಲ. ಸ್ಟಾಫ್ ರೂಮಿನಲ್ಲಿ ನನ್ನನ್ನು ನೋಡಿ ನಗುವ ಮಾಸ್ತರರಿದ್ದಾರೆ. ಹಾರ ಹಾಕಿದ ಹಿರಿಯರಿದ್ದಾರೆ. 'ಬರ್ಮಾ ಮಾಸ್ತರ' ಎಂದು ಬೆನ್ನ ಹಿಂದೆ ಕೂಗುವ ಹುಡುಗರಿದ್ದಾರೆ. ನಾನು ಹೆದರಿದ್ದು ನನಗಾಗಿ. ಇದನ್ನು ಇಷ್ಟು ಸರಳವಾಗಿ ಬರೆಯಲು ಇಷ್ಟು ವರ್ಷ ಬೇಕಾದವು.

ಯಮನಪ್ಪನಿಗೆ ಹೇಳಿದೆ: ಹೋಗಿ ಕೇಳಿಕೊಂಡು ಬಂದೆ, ಆ ಮನೆಗೆ ನಾನು ಸತ್ತವನು ಎಂದು ಅವನೇ ಹೇಳಿದ್ದಾನೆ, ನೀನು ಮೊದಲಿನಂತೆಯೇ ಓದು. ಸುಳ್ಳು ಹೇಳಲಿಲ್ಲ ನೋಡಿ. ದೊಡ್ಡಪ್ಪನ ಮಾತಿನಲ್ಲಿ ಅರ್ಧ ಕೊಟ್ಟೆ, ಅರ್ಧ ನುಂಗಿದೆ. ಯಮನಪ್ಪ ಗಡ್ಡ ಕೆರೆದುಕೊಂಡ. ಅವನೂ ಮನುಷ್ಯ, ಹತ್ತು ಊರು ತಿರುಗುವವನು ಒಂದು ಮನೆಯವರೊಡನೆ ಜಗಳ ಕಾಯಲಾರ. "ಹಂಗಂದ್ರ ಹಂಗ ಬಿಡ್ರಿ," ಎಂದು, ಈ ಸಲ ಕಂಬಳಿ ಛಲೋದು ಇರಲಿ ಎಂದ. ಬರ್ಮಾವನ್ನೂ ಸೇರಿಸು ಎಂದು ನಾನೇ ಹೇಳಿಕೊಟ್ಟೆ. ಮೊದಲು ಅವನ ಓದಿನಲ್ಲಿ ಅದು ಇರಲಿಲ್ಲ.

ಎರಡು ದಿನ ಬಿಟ್ಟು ಗಂಟೆ ಬಾರಿಸುತ್ತ ಎತ್ತಿನ ಮೇಲೆ ಬಂದ. ವಂಶ ಓದಿಸುತ್ತಾರೆ ಎಂದು ನೀಲಕ್ಕನೂ ತವರಿಗೆ ಬಂದಿದ್ದಳು. ಅಂಗಳದಲ್ಲಿ ಎಲ್ಲರೂ ಕೂತಿದ್ದೆವು. ಸಂಗಪ್ಪ ದಂಡಿಗೆ ಹೋಗಿ, ಬರ್ಮಾ ದೇಶದಲ್ಲಿ ಶತ್ರುಗಳ ಕೂಡ ಕಾದಾಡಿ ಮಡಿದು ಕೈಲಾಸ ಸೇರಿದ ಎಂದು ಯಮನಪ್ಪ ರಾಗ ಎಳೆದು ಓದಿದಾಗ ನೀಲಕ್ಕ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಹೆಳವರ ಬಾಯಿಂದ ಬಂದಿತ್ತು. ಇನ್ನು ಅವಳಿಗೆ ಸಂಶಯವೇ ಉಳಿಯಲಿಲ್ಲ. ಒಳಗೆ ಹೋಗಿ, ಅವಳ ಮದುವೆಯಲ್ಲಿ ಅವಳ ತಾಯಿ ಕೊಟ್ಟಿದ್ದ ಹಿತ್ತಾಳೆಯ ಕೊಡ — ತವರಿನಲ್ಲೇ ಇಟ್ಟಿದ್ದಳು — ತಂದು ಯಮನಪ್ಪನ ಮುಂದೆ ಇಟ್ಟಳು. ಅವನು ನನ್ನ ಕಡೆ ನೋಡಿದ. ನಾನು ತಗೋ ಎಂದು ಕೈ ಮಾಡಿದೆ.

ದೊಡ್ಡಪ್ಪ ಅದಾದ ಮೇಲೂ ಕೆಲವು ವರ್ಷ ಬದುಕಿದ್ದ. ಹೋಗಲಿಲ್ಲ ನಾನು. ಪ್ರತಿ ಬೇಸಿಗೆ ರಜೆಯಲ್ಲಿ, ಈ ಸಲ ಹೇಳೋಣ ಅಂದುಕೊಳ್ಳುತ್ತಿದ್ದೆ. ಏನಾದರೊಂದು ಅಡ್ಡ ಬರುತ್ತಿತ್ತು, ಬಾರದಿದ್ದರೆ ನಾನೇ ತರುತ್ತಿದ್ದೆ. ಮುಂದಿನ ಸಲ ಯಮನಪ್ಪ ಬಂದಾಗ, ಕ್ಯಾಂಪಿನ ಮುದುಕ ಹೋದನಂತೆ ಎಂದು ಒಂದೇ ಮಾತಿನಲ್ಲಿ ಹೇಳಿ ಬೇರೆ ವಿಷಯಕ್ಕೆ ಹೋದ. ಬೀಸುವ ದೊಣ್ಣೆ ತಪ್ಪಿತು ಎಂದು ಅನಿಸಿತು. ನಾಚಿಕೆಯಾಗುತ್ತದೆ, ಆದರೆ ಅನಿಸಿದ್ದು ಅದೇ. ಅಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಹೀಗೆಯೇ ಮುಗಿದುಹೋಗುತ್ತಿತ್ತು. ಆದರೆ ನೀಲಕ್ಕನ ಮೊಮ್ಮಗ ವೀರೇಶ, ಯಲಬುರ್ಗಾದಲ್ಲಿ ನೌಕರಿಯಲ್ಲಿರುವವನು, ಮುತ್ತಜ್ಜನ ದಾಖಲೆ ಹುಡುಕಲು ಹೊರಟ. ಯುದ್ಧದಲ್ಲಿ ಮಡಿದವರ ಹೆಸರುಗಳೆಲ್ಲ ಈಗ ಮೊಬೈಲಿನಲ್ಲೇ ಸಿಗುತ್ತವೆ. ಸಂಗಪ್ಪ ಎಂಬುದನ್ನು ಎಷ್ಟು ಬಗೆಯಲ್ಲಿ ಬರೆಯಬಹುದೋ ಅಷ್ಟು ಬಗೆಯಲ್ಲಿ ಬರೆದು ಹುಡುಕಿದ. ಹೆಸರು ಸಿಕ್ಕರೆ ಊರು ಬೇರೆ, ಊರಿನ ಹತ್ತಿರ ಬಂದರೆ ತಂದೆಯ ಹೆಸರು ಬೇರೆ. ವಾರಕ್ಕೊಮ್ಮೆ ನನಗೆ ಫೋನು. ಬರ್ಮಾ ಎಂದು ನಿಮಗೆ ಹೇಳಿದವರು ಯಾರು ಮುತ್ಯಾ ಎಂದು ಕೇಳಿದ. ಹಿರಿಯರು ಹೇಳಿದ್ದು ಎಂದೆ. ಈಗ ಹಿರಿಯ ನಾನೇ, ಅದು ಅವನಿಗೆ ಹೊಳೆಯಲಿಲ್ಲ.

ಮೊನ್ನೆ ಚಳಿಗಾಲದಲ್ಲಿ ಅವನು ಅಜ್ಜಿಯನ್ನು ಕೊಪ್ಪಳಕ್ಕೆ ಕರೆದುಕೊಂಡು ಬಂದ. ಯಾಕೆ ಎಂದರೆ, ಪಾಸ್‌ಪೋರ್ಟಿಗೆ. ಎಂಬತ್ತು ದಾಟಿದ, ಗೋಡೆ ಹಿಡಿದು ನಡೆಯುವ ನೀಲಕ್ಕ ಬರ್ಮಾಕ್ಕೆ ಹೋಗಬೇಕಂತೆ. ಅಲ್ಲಿ ಈಗಲೂ ಗಲಾಟೆ ನಡೆದಿದೆ, ಬೇಡ ಎಂದು ವೀರೇಶ ಹೇಳಿದರೂ ಕೇಳಿಲ್ಲ; ಕಾಗದಪತ್ರಗಳಾದರೂ ಸಿದ್ಧವಿರಲಿ ಎಂದು ಹಟ ಹಿಡಿದಿದ್ದಾಳೆ. ಫೋಟೋ ಸ್ಟುಡಿಯೋಕ್ಕೆ ನಾನೂ ಹೋದೆ. ಸೆರಗು ಹೊದ್ದುಕೊಳ್ಳಲೋ ಬೇಡವೋ ಎಂದು ನನ್ನನ್ನು ಕೇಳಿದಳು. ಕಿವಿ ಕಾಣಬೇಕಂತೆ ಎಂದೆ. ನರೆಗೂದಲನ್ನು ಕಿವಿಯ ಹಿಂದೆ ಸರಿಸಿ, ಬಿಳಿ ಪರದೆಯ ಮುಂದೆ ನೆಟ್ಟಗೆ ಕೂತಳು. ನಡುಗುವ ಕುತ್ತಿಗೆಯನ್ನು ತಡೆದು ಹಿಡಿದಿದ್ದಳು.

ಮನೆಗೆ ಬಂದ ಮೇಲೆ, ಪಟ್ಟಿಯಲ್ಲಿ ಹೆಸರೇ ಇಲ್ಲವಲ್ಲ ಅಕ್ಕ, ಅಲ್ಲಿಗೆ ಹೋಗಿ ಏನು ನೋಡುತ್ತೀ ಎಂದೆ. ಕೊನೆಯ ಸಲ ತಪ್ಪಿಸಿಕೊಳ್ಳಲು ನೋಡಿದೆ.

"ಹೆಸರ ಗೊತ್ತಿಲ್ಲದವ್ರ ಗೋರಿ ಕಲ್ಲೂ ಅದಾವಂತ ಅಲ್ಲಿ," ಎಂದಳು. "ಅದರಾಗ ಒಂದು ನಮ್ಮಪ್ಪಂದು ಅಂತ ತಿಳಕೊಂಡು, ಕೈ ಮುಗದು ಬರ್ತೀನಿ ತಮ್ಮಾ. ಇನ್ನ ಎಷ್ಟ ದಿನಾ ಇರ್ತೀನಿ."

ಯಾರದೋ ಕಲ್ಲಿಗೆ ಕೈ ಮುಗಿಯಲು ಹೊರಟಿದ್ದಳು. ನಾನು ನೆಲಕ್ಕೆ ಕೂತೆ, ಅವಳ ಕಾಲ ಹತ್ತಿರ. ಹೇಳಿದೆ. ಗುಂತಕಲ್ಲು, ಡ್ಯಾಮು, ಕ್ಯಾಂಪು, ಯಮನಪ್ಪ, ಕೊಡ — ಯಾವುದನ್ನೂ ಬಿಡಲಿಲ್ಲ. ಬಂದರೆ ಬರಲಿ ಎಂದ ಮಾತನ್ನು ಅವನು ಹೇಳಿದ ಹಾಗೆಯೇ ಹೇಳಿದೆ. ವೀರೇಶ ಎದ್ದು ಬಾಗಿಲಲ್ಲಿ ನಿಂತ. ನೀಲಕ್ಕ ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ — ಹೋಗಲಿ, ಆ ಆಸೆ ಯಾಕೆ.

"ಎಷ್ಟು ದೂರ?" ಎಂದಳು.

ಹನುಮಸಾಗರದಿಂದ, ಕುಷ್ಟಗಿಯಲ್ಲಿ ಬಸ್ಸು ಬದಲಿಸಿದರೆ ಮೂರು ತಾಸು, ಮುಂಜಾನೆ ಹೋದವರು ಸಂಜೆಗೆ ಮನೆಗೆ ಬರಬಹುದು ಎಂದೆ.

"ಸಮುದ್ರದ ಆಚಿ ಅಂದಿದ್ದಿ ಅಲ್ಲ ನೀ," ಎಂದಳು. ಆಮೇಲೆ ಕೇಳಿದಳು: "ಎಲ್ಲಿ ಮಣ್ಣ ಮಾಡ್ಯಾರ?"

ನನಗೆ ಗೊತ್ತಿರಲಿಲ್ಲ. ಒಮ್ಮೆಯೂ ಕೇಳಿರಲಿಲ್ಲ. ಗೊತ್ತಿಲ್ಲಕ್ಕ ಎಂದೆ. ಇಷ್ಟೆಲ್ಲ ಕೇಳುವಾಗ ಅಲುಗಾಡದೆ ಕೂತಿದ್ದವಳು ಆಗ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಮರುದಿನವೇ ಮೊಮ್ಮಗನೊಡನೆ ಗಂಗಾವತಿಗೆ ಹೊರಟಳು. ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. "ನೀ ಬರಬ್ಯಾಡ," ಎಂದಳು. ಅಷ್ಟೇ. ಅದೇ ಅವಳು ನನಗೆ ಆಡಿದ ಕೊನೆಯ ಮಾತು. ಕ್ಯಾಂಪಿನಲ್ಲಿ ಆ ತೆಲುಗಿನ ಹೆಂಗಸೂ ತೀರಿಕೊಂಡು ಎಷ್ಟೋ ವರ್ಷವಾಗಿತ್ತಂತೆ. ವಯಸ್ಸಾದವನೊಬ್ಬ ಗದ್ದೆಯ ಬದುವಿನ ಒಂದು ಕಡೆ ಕೈ ತೋರಿಸಿ, ಇಲ್ಲೇ ಎಲ್ಲೋ ಎಂದನಂತೆ. ಬದುವನ್ನು ಎರಡು ಸಲ ಒಡೆದು ಕಟ್ಟಿದ್ದರಿಂದ ಖಚಿತವಾಗಿ ಹೇಳಲಾರೆ ಎಂದನಂತೆ. ನೀಲಕ್ಕ ಅಲ್ಲೇ ಕೆಸರಿನ ಅಂಚಿನಲ್ಲಿ ಕೂತು, ಬಸ್ಸಿನ ಹೊತ್ತಾಗುವವರೆಗೆ ತಗ್ಗಿದ ದನಿಯಲ್ಲಿ ಏನೋ ಮಾತಾಡುತ್ತಲೇ ಇದ್ದಳಂತೆ. ಏನು ಅಂದಳು ಎಂದು ವೀರೇಶನನ್ನು ಕೇಳಿದೆ. ಅವನು ದೂರ ನಿಂತಿದ್ದನಂತೆ.

ಈಗ ತಿಂಗಳಿಗೊಮ್ಮೆ ಹನುಮಸಾಗರಕ್ಕೆ ಹೋಗುತ್ತೇನೆ. ಮೊದಲೂ ಹೋಗುತ್ತಿದ್ದೆ. ನೀಲಕ್ಕ ಗೋಡೆ ಹಿಡಿದು ಒಳಗೆ ಹೋಗಿ, ತಾನೇ ಚಹಾ ಮಾಡಿ ತಂದು ನನ್ನ ಮುಂದೆ ಇಡುತ್ತಾಳೆ. ಮಾತಾಡುವುದಿಲ್ಲ. ಕ್ಷಮಿಸು ಎಂದು ನಾನೂ ಕೇಳುವುದಿಲ್ಲ. ಅದನ್ನು ಕೇಳಿ ಅವಳಿಗೆ ಇನ್ನೊಂದು ಹೊರೆ ಹೊರಿಸಲಾರೆ. ಕುಡಿದು, ಕಪ್ಪು ತೊಳೆದಿಟ್ಟು, ಬಸ್ಸಿಗೆ ಬರುತ್ತೇನೆ.